ನೆಗೆಟಿವ್ ಯಾರ ಕೈಯಲ್ಲಿರಬೇಕು?

ನಮ್ಮ ಮಹಾನಗರದ ಕನ್ನಡ ಮನೆಗಳ ಮಕ್ಕಳಲ್ಲಿ ಹಲವರು ಈಗ ಛಾಯಾಗ್ರಹಣವನ್ನು ಕಸುಬಾಗಿ ಹಿಡಿಯುತ್ತಿದ್ದಾರೆ. ಒಬ್ಬ ಮದುವೆಯ ಫೋಟೋ ತೆಗೆಯುತ್ತಾನೆ. ಇನ್ನೊಬ್ಬಳು ನಾಮಕರಣ, ಉಪನಯನಗಳ ವಿಡಿಯೋ ಮಾಡಿಕೊಡುತ್ತಾಳೆ. ಮತ್ತೊಬ್ಬ ರಾಜ್ಯೋತ್ಸವದ ಸಂಜೆ ವೇದಿಕೆಯ ಮುಂದೆ ಮಂಡಿಯೂರಿ ಕುಳಿತು ನಮ್ಮೆಲ್ಲರ ಯಕ್ಷಗಾನವನ್ನೂ ಭಾಷಣವನ್ನೂ ಸೆರೆಹಿಡಿಯುತ್ತಾನೆ. ಕಚೇರಿ, ಬ್ಯಾಂಕು, ಹೋಟೆಲು ಬಿಟ್ಟರೆ ಬೇರೆ ದಾರಿ ಕಾಣದೆ ಬಂದ ಹಿಂದಿನ ತಲೆಮಾರಿನವರು ಇದನ್ನು ಕಂಡು ಹುಬ್ಬೇರಿಸಿದರೂ ನಮಗಂತೂ ಇದು ಸಂತೋಷದ ವಿಷಯವೇ. ಆದರೆ ಈ ಸಂತೋಷದ ಬೆನ್ನಿಗೇ ಒಂದು ಕೆಟ್ಟ ಚಾಳಿಯೂ ಬಂದು ಕೂತಿದೆ. ಕ್ಯಾಮೆರಾ ಕೊಳ್ಳುವಾಗ ಹತ್ತು ಅಂಗಡಿ ಸುತ್ತುವ ಹುಡುಗ, ಲೆನ್ಸಿನ ಗುಣದೋಷಗಳನ್ನು ತಿಂಗಳುಗಟ್ಟಲೆ ಚರ್ಚಿಸುವ ಹುಡುಗ, ಚಿತ್ರ ತಿದ್ದುವ ತಂತ್ರಾಂಶವನ್ನು ಆರಿಸುವಾಗ ಮಾತ್ರ ಅರೆಗಳಿಗೆಯೂ ಯೋಚಿಸುವುದಿಲ್ಲ. ಅವನ ಕಣ್ಣಿಗೆ ಎರಡೇ ದಾರಿ: ಒಂದು ಕದ್ದ ಪ್ರತಿ, ಇಲ್ಲವೇ ತಿಂಗಳ ಬಾಡಿಗೆಯದು.

ಮೊದಲನೆಯ ದಾರಿ ತಪ್ಪು. ಎರಡನೆಯದು ಹೆಚ್ಚಿನವರಿಗೆ ಅನಾವಶ್ಯಕ. ಮೂರನೆಯ ದಾರಿಯೊಂದಿದೆ, ಕಸುಬಿಗೆ ಇಳಿಯುವವರು ಮೊದಲು ತುಳಿಯಬೇಕಾದದ್ದು ಅದನ್ನೇ. ಇದು ನಮ್ಮ ವಾದ. ಫೈಲು ಕಟ್ಟುವ ಗುಮಾಸ್ತರಿಗೆ ಕಲೆಯ ವಿಷಯವೇಕೆ ಎಂದು ಕೆಲವರು ಕೇಳಿಯಾರು. ಕಲೆಯ ವಿಷಯವನ್ನು ನಾವು ಕಲಾವಿದರಿಗೇ ಬಿಟ್ಟಿದ್ದೇವೆ. ನಾವು ಕೇಳುವುದು ಕಡತದ ಪ್ರಶ್ನೆ: ನಿಮ್ಮ ದಾಖಲೆ ಹತ್ತು ವರ್ಷದ ನಂತರ ನಿಮ್ಮ ಕೈಯಲ್ಲಿರುತ್ತದೆಯೇ, ಇಲ್ಲವೇ?

ನಲವತ್ತು ದಾಟಿದ ವಾಚಕರಿಗೆ ನೆಗೆಟಿವ್ ಎಂದರೇನೆಂದು ಹೇಳಬೇಕಾಗಿಲ್ಲ. ಸ್ಟುಡಿಯೋದವರು ಪ್ರಿಂಟನ್ನು ನಮಗೆ ಕೊಟ್ಟು ನೆಗೆಟಿವನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಹತ್ತು ವರ್ಷ ಕಳೆದು ಅಜ್ಜಿಯ ಫೋಟೋದ ಇನ್ನೊಂದು ಪ್ರತಿ ಬೇಕೆಂದು ಹೋದರೆ ಅಂಗಡಿಯೇ ಇರುತ್ತಿರಲಿಲ್ಲ. ಜಾಣರಾದ ಹಿರಿಯರು ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ನೆಗೆಟಿವನ್ನು ಕೇಳಿ ಪಡೆದು ಟ್ರಂಕಿನಲ್ಲಿ ಇಡುತ್ತಿದ್ದರು. ಆ ಜಾಣತನವೇ ಇಂದು ತಂತ್ರಾಂಶದ ಆಯ್ಕೆಯಲ್ಲಿ ಬೇಕಾಗಿರುವುದು.

ಇಂದಿನ ಕ್ಯಾಮೆರಾದಲ್ಲಿ ನೆಗೆಟಿವ್‌ಗೆ ಸಮನಾದದ್ದು ‘ರಾ’ ಕಡತ. ಸೆನ್ಸರಿನ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಇದು ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬುವರಿಗೆ 1976ರಲ್ಲಿ ಪೇಟೆಂಟ್ ದೊರೆತ ಉಪಾಯ. ಉಳಿದೆರಡು ಬಣ್ಣಗಳನ್ನು ನೆರೆಯ ಬಿಂದುಗಳ ಆಧಾರದಿಂದ ಲೆಕ್ಕ ಹಾಕಿ ತುಂಬುವುದು ತಂತ್ರಾಂಶದ ಕೆಲಸ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಬಣ್ಣವೊಂದಕ್ಕೆ 256 ಮೆಟ್ಟಿಲುಗಳಿದ್ದರೆ, 14 ಬಿಟ್ಟಿನ ರಾ ಕಡತದಲ್ಲಿ 16,384 ಮೆಟ್ಟಿಲುಗಳಿವೆ. ಧಾರೆಯ ಹೊತ್ತಿನಲ್ಲಿ ಹೋಮದ ಹೊಗೆ, ಮಂಟಪದ ಹಳದಿ ದೀಪ, ವಿಡಿಯೋದವರ ಬಿಳಿ ದೀಪ ಎಲ್ಲವೂ ಸೇರಿ ವಧೂವರರ ಮುಖ ಕಂದಿಹೋಗಿದ್ದರೆ ಅದನ್ನು ಮತ್ತೆ ಸರಿದಾರಿಗೆ ತರಲು ಆಗುವುದು ಈ ಮೆಟ್ಟಿಲುಗಳು ಇರುವುದರಿಂದಲೇ.

ಈಗ ಸೂಕ್ಷ್ಮವಾದ ಒಂದು ಮಾತು. ಲೈಟ್‌ರೂಮಿನಂಥ ತಂತ್ರಾಂಶಗಳು ರಾ ಕಡತವನ್ನು ಮುಟ್ಟುವುದಿಲ್ಲ. ‘ಬೆಳಕು ಇಷ್ಟು ಹೆಚ್ಚಿಸು, ಹಳದಿ ಇಷ್ಟು ತಗ್ಗಿಸು, ಅಂಚು ಇಷ್ಟು ಕತ್ತರಿಸು’ ಎಂದು ಒಂದು ಚೀಟಿ ಬರೆದಿಡುತ್ತವೆ, ಅಷ್ಟೇ. ಅಕ್ಕಿ ಬೇಳೆ ಡಬ್ಬಿಯಲ್ಲೇ ಇರುತ್ತವೆ; ಬರೆದಿಡುವುದು ಸಾರು ಮಾಡುವ ಕ್ರಮವನ್ನು ಮಾತ್ರ. ಪದ್ಧತಿ ಒಳ್ಳೆಯದೇ. ಆದರೆ ಆ ಚೀಟಿಯ ಭಾಷೆ ಅದನ್ನು ಬರೆದ ತಂತ್ರಾಂಶಕ್ಕೆ ಮಾತ್ರ ಪೂರ್ತಿಯಾಗಿ ಅರ್ಥವಾಗುತ್ತದೆ. ಐದು ವರ್ಷ ಕೂತು ಹತ್ತು ಸಾವಿರ ಚಿತ್ರಗಳನ್ನು ತಿದ್ದಿದವನ ದುಡಿಮೆಯೆಲ್ಲ ಆ ಚೀಟಿಗಳಲ್ಲಿದೆ. ತಂತ್ರಾಂಶ ನಿಂತರೆ ಅಕ್ಕಿ ಬೇಳೆ ಉಳಿದಾವು, ಅಡುಗೆ ಉಳಿಯದು.

ತಂತ್ರಾಂಶ ನಿಲ್ಲುತ್ತದೆಯೇ ಎಂದು ಕೇಳುವವರು ಕಳೆದ ಹದಿನೈದು ವರ್ಷಗಳ ಲೆಕ್ಕ ನೋಡಲಿ. ಆಪಲ್ ಕಂಪನಿ 2005ರಲ್ಲಿ ಅಪರ್ಚರ್ ಎಂಬ ತಂತ್ರಾಂಶವನ್ನು ತಂದು ಛಾಯಾಗ್ರಾಹಕರನ್ನು ಕೈಬೀಸಿ ಕರೆಯಿತು. 2015ರಲ್ಲಿ ಮಾರಾಟವನ್ನೇ ನಿಲ್ಲಿಸಿತು. ಅದೇ ಕಂಪನಿಯ ಫೈನಲ್ ಕಟ್ ಪ್ರೊ 2011ರಲ್ಲಿ ಹೊಸ ರೂಪ ತಾಳಿದಾಗ ಅದಕ್ಕೆ ಹಳೆಯ ಆವೃತ್ತಿಯಲ್ಲಿ ಕೂಡಿಸಿದ ಕೆಲಸವನ್ನು ತೆರೆಯಲು ಬರಲಿಲ್ಲ. ಗೂಗಲ್ 2016ರಲ್ಲಿ ಪಿಕಾಸಾವನ್ನು ಕೈಬಿಟ್ಟಿತು. ಮೈಕ್ರೋಸಾಫ್ಟಿನ ಮೂವಿ ಮೇಕರ್ 2017ರಲ್ಲಿ ನಿಂತಿತು. ಅಡೋಬಿ ಕಂಪನಿ ತನ್ನ ಸರಕನ್ನು ಒಮ್ಮೆ ಹಣ ಕೊಟ್ಟು ಕೊಳ್ಳುವ ಪದ್ಧತಿಗೆ ತಿಲಾಂಜಲಿ ಬಿಡುವುದಾಗಿ 2013ರಲ್ಲಿ ಘೋಷಿಸಿತು. 2012ರ ಸಿ.ಎಸ್. 6 ಹಾಗೆ ಕೊಳ್ಳಬಹುದಾದ ಕೊನೆಯ ಫೋಟೋಶಾಪ್. 2015ರ ಲೈಟ್‌ರೂಮ್ 6 ಕೊನೆಯ ಲೈಟ್‌ರೂಮ್. ಇವರೆಲ್ಲ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅವರು ವ್ಯಾಪಾರಿಗಳು, ಲಾಭವಿದ್ದರೆ ಅಂಗಡಿ ತೆರೆದಾರು, ಇಲ್ಲದಿದ್ದರೆ ಮುಚ್ಚಿಯಾರು. ಅವರ ಅಂಗಡಿಯ ಬಾಗಿಲಿಗೆ ನಮ್ಮ ಮನೆಯ ನೆಗೆಟಿವನ್ನು ಏಕೆ ಕಟ್ಟಬೇಕು?

ಬಾಡಿಗೆಯ ಲೆಕ್ಕವನ್ನೂ ಮಾಡೋಣ. ತಿಂಗಳಿಗೆ ಒಂದು ಸಾವಿರ ರೂಪಾಯಿ ಎಂದು ಹಿಡಿದರೂ ಹತ್ತು ವರ್ಷಕ್ಕೆ 1,20,000 ರೂಪಾಯಿ. ಅದರಲ್ಲಿ ಒಳ್ಳೆಯ ಲೆನ್ಸ್ ಒಂದು ಬರುತ್ತದೆ, ಆ ಲೆನ್ಸ್ ಮಗನ ಕಾಲಕ್ಕೂ ಉಳಿಯುತ್ತದೆ. ಬಾಡಿಗೆ ಕಟ್ಟಿದವನ ಕೈಯಲ್ಲಿ ಕೊನೆಗೆ ಉಳಿಯುವುದೇನು? ಬಾಡಿಗೆ ನಿಲ್ಲಿಸಿದ ಮೇಲೆ ಲೈಟ್‌ರೂಮ್ ಕ್ಲಾಸಿಕ್ ಚಿತ್ರಗಳನ್ನು ತೋರಿಸುತ್ತದೆ, ಹೊರತೆಗೆದುಕೊಳ್ಳಲೂ ಬಿಡುತ್ತದೆ. ಮತ್ತೆ ತಿದ್ದಲು ಮಾತ್ರ ಬಿಡದು. ಬಾಡಿಗೆಯ ದರವನ್ನೂ ಷರತ್ತನ್ನೂ ನಿರ್ಧರಿಸುವವನು ಮನೆಯೊಡೆಯ. 2025ರ ಜನವರಿಯಲ್ಲಿ ಛಾಯಾಗ್ರಾಹಕರಿಗಿದ್ದ ಅಗ್ಗದ ಯೋಜನೆಯನ್ನು ಹೊಸಬರಿಗೆ ನಿಲ್ಲಿಸಲಾಯಿತು. ವಾರ್ಷಿಕ ಕರಾರನ್ನು ನಡುವೆ ಮುರಿದರೆ ಬೀಳುವ ಶುಲ್ಕವನ್ನು ಗಿರಾಕಿಗಳಿಂದ ಮರೆಮಾಚಿದೆ ಎಂದು ಆಪಾದಿಸಿ ಅಮೆರಿಕದ ಸರ್ಕಾರವೇ 2024ರಲ್ಲಿ ಅಡೋಬಿಯ ಮೇಲೆ ದಾವೆ ಹೂಡಿತು. ಪರಸ್ಥಳದಲ್ಲಿ ಬಾಡಿಗೆ ಮನೆ ಹುಡುಕಿ, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ, ವರ್ಷ ವರ್ಷವೂ ಮನೆಯೊಡೆಯನ ಮುಖ ನೋಡಿದ ನಮಗೆ ಬಾಡಿಗೆಯ ಬದುಕು ಎಂತಹುದೆಂದು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಕದ್ದ ಪ್ರತಿಯೇ ಮೇಲೆಂದು ಹೇಳುವ ಜಾಣರಿದ್ದಾರೆ. ‘ಎಲ್ಲರೂ ಮಾಡುತ್ತಾರೆ, ದೊಡ್ಡ ಕಂಪನಿಗೆ ಇದರಿಂದೇನು ನಷ್ಟ?’ ಎಂಬುದು ಅವರ ಸಮರ್ಥನೆ. ನೆರೆಮನೆಯವರು ಶ್ರೀಮಂತರೆಂಬ ಕಾರಣಕ್ಕೆ ಅವರ ತೆಂಗಿನ ಮರಕ್ಕೆ ಏಣಿ ಹಾಕಲು ನಾವು ಮಕ್ಕಳಿಗೆ ಕಲಿಸಿದ್ದೇವೆಯೇ? ಕಾಯಿದೆಯ ಮಾತು ಬೇಕಾದರೆ ಅದೂ ಇದೆ. ಕದ್ದದ್ದೆಂದು ತಿಳಿದೂ ಗಣಕದಲ್ಲಿ ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದ 63 ಬಿ ಕಲಮಿನಂತೆ ಅಪರಾಧ. ಏಳು ದಿನಕ್ಕೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆಮನೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದವರಿಗೆ ಸೆರೆವಾಸವನ್ನು ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಮದುವೆಯ ಫೋಟೋಗೆ ಬಿಲ್ಲು ಕೊಡುವವನು ವ್ಯಾಪಾರಕ್ಕಲ್ಲವೆಂದು ಹೇಗೆ ಹೇಳಿಯಾನು?

ಕಾಯಿದೆಯ ಕೈ ತಲುಪುವ ಮೊದಲೇ ಬೇರೆಯವರ ಕೈ ತಲುಪುತ್ತದೆ. ಬೀಗ ಮುರಿದ ತಂತ್ರಾಂಶವನ್ನು ಪುಕ್ಕಟೆ ಹಂಚುವವರೆಲ್ಲ ದಾನಶೂರರಲ್ಲ. ನಮಗೆ ಪರಿಚಯದ ಕುಟುಂಬವೊಂದು ಮಗಳ ಮದುವೆಯ ಚಿತ್ರಗಳಿಗಾಗಿ ಮೂರು ವಾರ ಕಾದಿತು. ಕೊನೆಗೆ ಬಂದ ಉತ್ತರ, ಛಾಯಾಗ್ರಾಹಕನ ಗಣಕದ ಕಡತಗಳಿಗೆಲ್ಲ ಯಾರೋ ಬೀಗ ಜಡಿದು ಬಿಡುಗಡೆಗೆ ಹಣ ಕೇಳುತ್ತಿದ್ದಾರೆ ಎಂಬುದು. ಕಾರಣ, ಒಂದು ಕದ್ದ ವಿಡಿಯೋ ತಂತ್ರಾಂಶದ ಜೊತೆ ಒಳನುಗ್ಗಿದ ದುಷ್ಟ ಕಾರ್ಯಕ್ರಮ. ಕಾರ್ಡುಗಳನ್ನು ಅವನು ಆಗಲೇ ಅಳಿಸಿ ಮುಂದಿನ ಮದುವೆಗೆ ಬಳಸಿಯಾಗಿತ್ತು. ಮುಂಗಡ ಹಣ ಮರಳಿ ಬಂತು. ಮಾಂಗಲ್ಯಧಾರಣೆ ಮರಳಿ ಬರಲಿಲ್ಲ. ಆ ತಾಯಿಯ ಮುಂದೆ ಹೋಗಿ ‘ಎಲ್ಲರೂ ಮಾಡುತ್ತಾರೆ’ ಎಂಬ ಮಾತನ್ನು ಯಾರಾದರೂ ಹೇಳಲಿ ನೋಡೋಣ.

ಇನ್ನು ಮೂರನೆಯ ದಾರಿ. ಇದು ಸ್ವತಂತ್ರ ತಂತ್ರಾಂಶಗಳ ದಾರಿ. ಇವನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು. ಒಳಗಿನ ಬರಹವನ್ನು ನೋಡಿ ತಿದ್ದಬಹುದು. ಒಬ್ಬ ಯಜಮಾನ ಅಂಗಡಿ ಮುಚ್ಚಿದರೆ ಇನ್ನೊಬ್ಬರು ಅದೇ ಕೆಲಸವನ್ನು ಮುಂದುವರಿಸಬಹುದು. ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ 2025ರಲ್ಲಿ ತನ್ನ 3.0 ಆವೃತ್ತಿಯನ್ನು ಕಂಡಿತು. ಆರಂಭಿಸಿದವರು ಎಂದೋ ಬೇರೆ ಕೆಲಸಕ್ಕೆ ಹೋದರು, ಜಿಂಪ್ ಹೋಗಲಿಲ್ಲ. ರಾ ಕಡತಗಳಿಗೆ ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಇವೆ. ಡಾರ್ಕ್‌ಟೇಬಲ್ ತನ್ನ ಚೀಟಿಯನ್ನು ಚಿತ್ರದ ಪಕ್ಕದಲ್ಲೇ ಬೇರೆ ಕಡತವಾಗಿ ಬರೆದಿಡುತ್ತದೆ. ಅದರ ಕೆಲವು ಸೂಚನೆಗಳು ಮಾತ್ರ ಬೇರೆ ತಂತ್ರಾಂಶಕ್ಕೆ ಅರ್ಥವಾಗುತ್ತವೆ, ನಿಜ. ಆದರೆ ಆ ತಂತ್ರಾಂಶವೇ ನಿಮ್ಮದಾಗಿರುವುದರಿಂದ ಚೀಟಿ ಓದಲು ಯಾರ ಅಪ್ಪಣೆಯೂ ಬೇಡ. ಸಾವಿರಾರು ಚಿತ್ರಗಳನ್ನು ಹೆಸರು ಹಚ್ಚಿ ಜೋಡಿಸಿಡಲು ಡಿಜಿಕ್ಯಾಮ್ ಇದೆ. ವಿಡಿಯೋ ಕೂಡಿಸಲು ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಇವೆ. ಮನೆಯಲ್ಲಿರುವ ಗಣಕ ಹಳೆಯದಾಗಿದ್ದು ದೊಡ್ಡ ವಿಡಿಯೋ ಎಳೆಯಲಾರದಿದ್ದರೆ, ಅವು ಸಣ್ಣ ನಕಲೊಂದನ್ನು ಮಾಡಿಕೊಂಡು ಅದರ ಮೇಲೆ ಕೆಲಸ ನಡೆಸುತ್ತವೆ, ಕೊನೆಯಲ್ಲಿ ಮೂಲದಿಂದಲೇ ಪೂರ್ಣ ಗಾತ್ರದ ಪ್ರತಿ ತೆಗೆದುಕೊಡುತ್ತವೆ. ಮಗನಿಗೆ ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ಕೊಡಿಸುವ ಮುನ್ನ ತಂದೆತಾಯಿಗಳು ಇದನ್ನು ಒಮ್ಮೆ ಪರೀಕ್ಷಿಸಿ ನೋಡಬಹುದು.

ಪುಕ್ಕಟೆ ಎಂದರೆ ಸ್ವತಂತ್ರವೆಂದೇನೂ ಅಲ್ಲ. ಈ ಭೇದವನ್ನು ಮರೆಯಬಾರದು. ಡಾವಿಂಚಿ ರಿಸಾಲ್ವ್ ಎಂಬ ವಿಡಿಯೋ ತಂತ್ರಾಂಶದ ಪುಕ್ಕಟೆ ಆವೃತ್ತಿ ಬಹಳ ಸಮರ್ಥವಾದದ್ದು, ಬಣ್ಣ ತಿದ್ದುವುದರಲ್ಲಿ ಸಿನಿಮಾದವರೇ ಮೆಚ್ಚಿದ್ದು. ಆದರೆ ಅದು ಆಸ್ಟ್ರೇಲಿಯಾದ ಒಂದು ಕಂಪನಿಯ ಸ್ವತ್ತು, ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೂ ಬೇಡುತ್ತದೆ. ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಅಫಿನಿಟಿಯನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡಿತು. 2025ರಲ್ಲಿ ಅದನ್ನು ಪುಕ್ಕಟೆ ಮಾಡಿತು. ಬಳಸಬಾರದೆಂದಲ್ಲ. ಇಂದು ಪುಕ್ಕಟೆ ಕೊಟ್ಟವರು ನಾಳೆಯೂ ಕೊಡುತ್ತಾರೆಂದು ನಂಬಿ ಮನೆ ಕಟ್ಟಬಾರದು, ಅಷ್ಟೇ.

‘ಹಿತ್ತಲ ಗಿಡ ಮದ್ದಲ್ಲ’ ಎಂಬಂತೆ, ಹಣ ಕೊಡದ ವಸ್ತುವಿನಿಂದ ದೊಡ್ಡ ಕೆಲಸವಾಗದು ಎಂಬ ಮೂಢನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಬ್ಲೆಂಡರ್ ಎಂಬ ಸ್ವತಂತ್ರ ತಂತ್ರಾಂಶದಲ್ಲಿ ತಯಾರಾದದ್ದು. ಆಸ್ಕರಿಗೆ ಸಾಕಾದದ್ದು ನಮ್ಮ ನಾಮಕರಣಕ್ಕೆ ಸಾಲದೇ?

ಎದುರು ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಮದುವೆ ಆಲ್ಬಮ್ಮಿನ 12x36 ಅಂಗುಲದ ಪುಟಗಳಿಗೆ ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ವಿನ್ಯಾಸಗಳೆಲ್ಲ ಪಿ.ಎಸ್.ಡಿ. ರೂಪದವು, ಅಂದರೆ ಫೋಟೋಶಾಪಿಗೆಂದೇ ಮಾಡಿದವು. ಜಿಂಪ್ ಅವನ್ನು ತೆರೆದರೂ ನೆರಳು, ಹೊಳಪು ಮೊದಲಾದ ಕೆಲವು ಅಲಂಕಾರಗಳು ತಪ್ಪಿಹೋಗಬಹುದು. ಜಿಂಪಿನಲ್ಲಿ ಮುದ್ರಣಾಲಯದ ನಾಲ್ಕು ಬಣ್ಣದ ಕ್ರಮದಲ್ಲೇ ನೇರವಾಗಿ ಕೆಲಸ ಮಾಡಲೂ ಬಾರದು. ಅದಕ್ಕೆ ಕ್ರಿತಾ ಎಂಬ ಇನ್ನೊಂದು ಸ್ವತಂತ್ರ ತಂತ್ರಾಂಶಕ್ಕೆ ಹೋಗಬೇಕು. ಮದುವೆ ವಿಡಿಯೋದವರು ಎಡಿಯಸ್‌ಗೆ ಎಷ್ಟು ಒಗ್ಗಿಕೊಂಡಿದ್ದಾರೆಂದರೆ ಅವರ ಬೆರಳುಗಳು ಬೇರೆಯದರ ಮೇಲೆ ಓಡುವುದಿಲ್ಲ. ದಿನಕ್ಕೊಂದು ಆಲ್ಬಮ್ ಮುಗಿಸಬೇಕಾದವನು, ಜಾಹೀರಾತು ಕಂಪನಿಗೆ ಅವರು ಕೇಳಿದ ರೂಪದಲ್ಲೇ ಕಡತ ಒಪ್ಪಿಸಬೇಕಾದವನು ಬಾಡಿಗೆ ಕಟ್ಟಲಿ. ನ್ಯಾಯವಾಗಿ ಕಟ್ಟಲಿ, ಬಿಲ್ಲಿನಲ್ಲಿ ಸೇರಿಸಲಿ. ನಮ್ಮ ಆಕ್ಷೇಪಣೆ ಅವನ ಮೇಲಲ್ಲ. ತಿಂಗಳಿಗೊಂದು ಕಾರ್ಯಕ್ರಮವೂ ಸಿಗದವನು, ಕಸುಬಿನ ಮೊದಲ ವರ್ಷದಲ್ಲಿರುವವನು, ದೊಡ್ಡವರು ಬಳಸುತ್ತಾರೆಂಬ ಒಂದೇ ಕಾರಣಕ್ಕೆ ಕದಿಯುವುದರ ಮೇಲೆ, ಇಲ್ಲವೇ ತಂದೆಯ ಸಂಬಳದಿಂದ ಬಾಡಿಗೆ ಕಟ್ಟುವುದರ ಮೇಲೆ ನಮ್ಮ ಆಕ್ಷೇಪಣೆ.

ಕನ್ನಡದ ಮಾತನ್ನು ಇಲ್ಲಿ ಎತ್ತದಿದ್ದರೆ ಈ ಪತ್ರಿಕೆಯಲ್ಲಿ ಬರೆದೂ ವ್ಯರ್ಥ. ಆಮಂತ್ರಣ, ಆಲ್ಬಮ್ಮಿನ ಮುಖಪುಟ, ವಿಡಿಯೋದ ಹೆಸರು ಪಟ್ಟಿ ಇವಕ್ಕೆಲ್ಲ ಕನ್ನಡ ಅಕ್ಷರ ಬೇಕು. ಫೋಟೋಶಾಪಿನ ಹಲವು ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು. ಎಷ್ಟೋ ಹುಡುಗರು ಅದಕ್ಕೆ ಉಪಾಯವೆಂದು ಹಳೆಯ ಅಕ್ಷರಶೈಲಿಗಳನ್ನೇ ಹಿಡಿದುಕೊಂಡರು. ಕೆಲವರು ಬೇಸತ್ತು ಇಂಗ್ಲಿಷಿನಲ್ಲೇ ಹೆಸರು ಹಾಕಿ ಕೈತೊಳೆದುಕೊಂಡರು. ಯೂನಿಕೋಡಿಗೆ ಹೊಂದದ ಹಳೆಯ ಅಕ್ಷರಶೈಲಿಯಲ್ಲಿ ಜೋಡಿಸಿದ ಸ್ಮರಣ ಸಂಚಿಕೆಗಳನ್ನು ಇಂದು ಗಣಕದಲ್ಲಿ ತೆರೆದರೆ ಕಾಣುವುದೇನು? ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡಿಗರಿಗೆ ಬೀಗ ಬಿದ್ದ ಕಡತದ ಕಷ್ಟವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ನಮ್ಮ ಲಿಪಿಯೇ ಅದನ್ನು ಅನುಭವಿಸಿದೆ. ಜಿಂಪ್, ಕೆಡೆನ್‌ಲೈವ್‌ಗಳಲ್ಲಿ ಯೂನಿಕೋಡ್ ಕನ್ನಡ ಒತ್ತು ದೀರ್ಘಗಳೊಡನೆ ಸರಿಯಾಗಿ ಮೂಡುತ್ತದೆ. ಡಿಜಿಕ್ಯಾಮಿನಲ್ಲಿ ಚಿತ್ರದೊಳಗೇ ಕನ್ನಡದಲ್ಲಿ ವಿವರಣೆ ಬರೆದಿಡಬಹುದು. ಹಿಂದೆ ಫೋಟೋದ ಹಿಂಬದಿಯಲ್ಲಿ ‘ಎಡದಿಂದ ಎರಡನೆಯವರು ಚಿಕ್ಕಪ್ಪ’ ಎಂದು ಸೀಸದಕಡ್ಡಿಯಲ್ಲಿ ಬರೆಯುತ್ತಿದ್ದರಲ್ಲ, ಅದೇ ಕೆಲಸ. ಈ ಊರಿನಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೆ ಚಿಕ್ಕಪ್ಪನ ಮುಖ ಉಳಿದು ಹೆಸರು ಅಳಿದರೆ ಏನು ಪ್ರಯೋಜನ?

ತಂತ್ರಾಂಶವೇ ಛಾಯಾಗ್ರಾಹಕನನ್ನು ಮಾಡುತ್ತದೆ ಎಂಬ ಭ್ರಮೆಯೂ ಕಳಚಬೇಕು. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಇಳಿಸಿದ ಬೆಳಕಿನ ಕೋಲನ್ನು ನೋಡಿದವರು ಮರೆಯಲಾರರು. ಅದಕ್ಕೆ ಅವರು ಬಳಸಿದ್ದು ಕನ್ನಡಿಗಳು ಮತ್ತು ಹೊರಗಿನ ಬಿಸಿಲು. ಮುಂದೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರು ದೇಶದ ಸಾಮಾನ್ಯ ಜನರ ಮುಖಗಳನ್ನು ಹಿಡಿದು 1977ರಲ್ಲಿ ಪದ್ಮಶ್ರೀ ಪಡೆದಾಗ ಫೋಟೋಶಾಪ್ ಹುಟ್ಟಿರಲೇ ಇಲ್ಲ; ಅದರ ಮೊದಲ ಆವೃತ್ತಿ ಬಂದದ್ದು 1990ರಲ್ಲಿ. ಪರಸ್ಥಳದಲ್ಲಿ ದುಡಿದು ಹೆಸರಾದ ಇಂಥ ಕನ್ನಡಿಗರು ನಮ್ಮ ಹುಡುಗರಿಗೆ ಮೇಲ್ಪಂಕ್ತಿಯಾಗಬೇಕೇ ಹೊರತು ಯಾವುದೋ ತಂತ್ರಾಂಶದ ಹೆಸರಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು.

ನಮ್ಮ ಕಚೇರಿಯ ರೂಢಿಯಿಂದ ಒಂದು ಪಾಠ ಹೇಳಿ ಮುಗಿಸುತ್ತೇವೆ. ಸರ್ಕಾರಿ ಇಲಾಖೆಗಳು ತಂತ್ರಾಂಶ ಕೊಳ್ಳುವಾಗ ಸ್ವತಂತ್ರ ತಂತ್ರಾಂಶವನ್ನು ಪರಿಗಣಿಸಲೇಬೇಕು, ಅದನ್ನು ಬಿಟ್ಟರೆ ಕಾರಣ ಕೊಡಬೇಕು ಎಂಬ ನೀತಿಯನ್ನು ಭಾರತ ಸರ್ಕಾರ 2015ರಲ್ಲೇ ಹೊರಡಿಸಿತು. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಗಣಕ ಕಲಿಯುತ್ತಿದ್ದಾರೆ. ಅದೇ ನಿಯಮ ನಮ್ಮ ಮನೆಗಳಲ್ಲೂ ಜಾರಿಗೆ ಬರಲಿ. ಮಗನೋ ಮಗಳೋ ತಂತ್ರಾಂಶಕ್ಕೆ ಹಣ ಕೇಳಿದಾಗ ನಾಲ್ಕು ಪ್ರಶ್ನೆ ಹಾಕಿ: ಹಣ ಕಟ್ಟುವುದು ನಿಂತ ದಿನ ನಿನ್ನ ಚಿತ್ರಗಳ ಗತಿಯೇನು? ಮುಗಿಸಿದ ಕೆಲಸವನ್ನು ಟಿಫ್, ಜೆಪೆಗ್ ಮೊದಲಾದ ಎಲ್ಲರೂ ಓದಬಲ್ಲ ರೂಪದಲ್ಲಿ ತೆಗೆದಿಟ್ಟಿದ್ದೀಯಾ? ಇರುವ ಗಣಕದಲ್ಲೇ ಅದು ಓಡುತ್ತದೆಯೇ? ಅದರಲ್ಲಿ ಕನ್ನಡ ಬರೆಯಬಹುದೇ? ನಾಲ್ಕಕ್ಕೂ ನೇರ ಉತ್ತರ ಬಂದರೆ ಧಾರಾಳವಾಗಿ ಕೊಡಿಸಿ. ಬಾರದಿದ್ದರೆ ಆರು ತಿಂಗಳು ಸ್ವತಂತ್ರ ತಂತ್ರಾಂಶದಲ್ಲಿ ಕೆಲಸ ಮಾಡಿ ತೋರಿಸೆಂದು ಹೇಳಿ.

ಸಂಘದ ಕಾರ್ಯಕಾರಿ ಸಮಿತಿಗೂ ನಮ್ಮದೊಂದು ಬೇಡಿಕೆಯಿದೆ. ಕಾರ್ಯಕ್ರಮಗಳ ಚಿತ್ರೀಕರಣವನ್ನು ಯಾರಿಗೆ ಒಪ್ಪಿಸಿದರೂ, ಆಯ್ದು ತಿದ್ದಿದ ಐವತ್ತು ಚಿತ್ರಗಳಲ್ಲದೆ ಮೂಲ ಕಡತಗಳನ್ನೂ ಸಂಘಕ್ಕೆ ಕೊಡಬೇಕೆಂದು ಕರಾರಿನಲ್ಲೇ ಬರೆಯಿಸಿ. ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಮಾಡಿ ಇಬ್ಬರ ಮನೆಯಲ್ಲಿಡಿ. ಬೇಸಗೆ ರಜೆಯಲ್ಲಿ ಕನ್ನಡ ಕಲಿಸುವ ತರಗತಿಯ ಪಕ್ಕದ ಕೊಠಡಿಯಲ್ಲೇ ನಾಲ್ಕು ಭಾನುವಾರ ಜಿಂಪ್, ಡಾರ್ಕ್‌ಟೇಬಲ್, ಕೆಡೆನ್‌ಲೈವ್ ಕಲಿಸುವ ಏರ್ಪಾಡು ಮಾಡಿ. ಕಲಿಸಬಲ್ಲ ಹುಡುಗರು ನಮ್ಮಲ್ಲೇ ಇದ್ದಾರೆ. ಖರ್ಚು, ಹೆಚ್ಚೆಂದರೆ, ಕಾಫಿ ಉಪ್ಪಿಟ್ಟಿನದು.

ಊರು ಬಿಟ್ಟು ಬಂದವರ ಬಳಿ ಹೊಲವಿಲ್ಲ, ಮನೆಯಿಲ್ಲ, ನೆನಪೊಂದಿದೆ. ಅದನ್ನೂ ಬಾಡಿಗೆಗೆ ಇಡುವುದು ಬೇಡ, ಕದ್ದ ಪೆಟ್ಟಿಗೆಯಲ್ಲಿ ಇಡುವುದಂತೂ ಬೇಡವೇ ಬೇಡ.